11.7 ಸ್ಕಾಲರ್‌ಶಿಪ್, 35 ಆಟಗಾರರು: ಅಮೆರಿಕದ ಕಾಲೇಜು ಬೇಸ್‌ಬಾಲ್‌ನ ಲೆಕ್ಕ

ನಮ್ಮ ಕಾಲೇಜಿನ ಕ್ರಿಕೆಟ್ ತಂಡದ ವೇಗದ ಬೌಲರ್, ನನ್ನದೇ ಬೆಂಚಿನ ಗೆಳೆಯ, ಪ್ರಥಮ ಪಿಯುಸಿ ಮುಗಿಯುತ್ತಲೇ ಟಿ.ಸಿ. ತೆಗೆದುಕೊಂಡು ಬೇರೆ ಊರಿನ ಕಾಲೇಜಿಗೆ ಹೋದ. ಅಲ್ಲಿ ಅವನಿಗೆ ಫೀಸು ಇಲ್ಲ, ಹಾಸ್ಟೆಲ್ ಮತ್ತು ಊಟ ಉಚಿತ. ನಾನು ಹದಿನೈದು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಅಬ್ಬಾ ಒಂದು ರಾತ್ರಿ ಊಟಕ್ಕೆ ಕೂತಾಗ, "ಅವನ ಫೀಸು ನೀನು ಕಟ್ಟುತ್ತೀಯಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಟಗಾರರು ಕಾಲೇಜು ಬದಲಿಸುವುದು ಅತಿ ದೊಡ್ಡ ಪ್ರಮಾಣದಲ್ಲಿ ನಡೆಯುವುದು ಅಮೆರಿಕದಲ್ಲಿ. ಅದರಲ್ಲೂ ಬೇಸ್‌ಬಾಲ್‌ನ ಲೆಕ್ಕ ವಿಚಿತ್ರವಾಗಿದೆ. ನಾವು ಕಾಮರ್ಸ್‌ನವರು ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ಓದುವ ಕೊರತೆ ಮತ್ತು ಆಯ್ಕೆ ಎಂಬ ಎರಡು ಮಾತು ಇಲ್ಲಿ ಕಣ್ಣಿಗೆ ಕಾಣುವಂತಿವೆ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಮುಖ್ಯ ಸಂಸ್ಥೆ ಎನ್.ಸಿ.ಎ.ಎ. ಅದರ ಮೊದಲ ದರ್ಜೆಯಲ್ಲಿ ಒಂದು ಫುಟ್‌ಬಾಲ್ ತಂಡ (ಅವರ ಫುಟ್‌ಬಾಲ್, ಕೈಯಲ್ಲಿ ಚೆಂಡು ಹಿಡಿದು ಓಡುವುದು) 85 ಪೂರ್ಣ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಬೇಸ್‌ಬಾಲ್ ತಂಡಕ್ಕೆ ಸಿಗುತ್ತಿದ್ದುದು 11.7 ಮಾತ್ರ. ಆ ಪಾಯಿಂಟ್ ಏಳು ಹೇಗೆ ಬಂತು ಎಂದು ನಗಬೇಡಿ. ತಂಡದ ಪಟ್ಟಿಯಲ್ಲಿ 35 ಜನ ಇರಬಹುದಿತ್ತು. ಅವರಲ್ಲಿ ಹೆಚ್ಚೆಂದರೆ 27 ಜನರಿಗೆ ಈ 11.7ನ್ನು ಹಂಚಬೇಕು. 11.7ನ್ನು 27ರಿಂದ ಭಾಗಿಸಿದರೆ ಒಬ್ಬನಿಗೆ ಸರಾಸರಿ 0.43, ಅಂದರೆ ಅರ್ಧಕ್ಕಿಂತ ಕಡಿಮೆ. ಉಳಿದ 8 ಜನರಿಗೆ ಸೊನ್ನೆ. ಲೆಕ್ಕಕ್ಕಾಗಿ ಒಂದು ಕಾಲೇಜಿನ ವರ್ಷದ ಖರ್ಚು 60,000 ಡಾಲರ್ ಎಂದು ಇಟ್ಟುಕೊಳ್ಳಿ. ಸರಾಸರಿ ಆಟಗಾರನಿಗೆ ಸುಮಾರು 26,000 ಸಿಗುತ್ತದೆ, 34,000 ಅವನ ಮನೆಯವರು ಕಟ್ಟಬೇಕು. ಬಡವರ ಮನೆಯ ಹುಡುಗ ಎಷ್ಟೇ ಚೆನ್ನಾಗಿ ಆಡಿದರೂ ಈ ಜಾಗದಲ್ಲೇ ನಿಂತುಬಿಡುತ್ತಾನೆ.

ಹೀಗಿರುವಾಗ ಕಾಲೇಜುಗಳು ಬೇರೆ ದಾರಿ ಹುಡುಕಿದವು. ವಾಂಡರ್‌ಬಿಲ್ಟ್ ಎಂಬ ಶ್ರೀಮಂತ ಖಾಸಗಿ ವಿಶ್ವವಿದ್ಯಾಲಯದಲ್ಲಿ, ಮನೆಯ ಆದಾಯ ನೋಡಿ ಎಲ್ಲ ವಿದ್ಯಾರ್ಥಿಗಳಿಗೂ ಸಾಲದ ಬದಲು ಅನುದಾನ ಕೊಡುವ ಯೋಜನೆ ಇದೆ. ಅದು ಆಟಕ್ಕಾಗಿ ಕೊಡುವ ಹಣವಲ್ಲ. ಆದರೆ ಬೇಸ್‌ಬಾಲ್ ಆಡುವ ಹುಡುಗನಿಗೂ ಅದು ಸಿಗುತ್ತದೆ. ವಾಂಡರ್‌ಬಿಲ್ಟ್ 2014 ಮತ್ತು 2019ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಲೂಯಿಸಿಯಾನಾ ರಾಜ್ಯದಲ್ಲಿ ಅಂಕಗಳ ಆಧಾರದ ಮೇಲೆ ತನ್ನ ರಾಜ್ಯದ ಮಕ್ಕಳಿಗೆ ಸರ್ಕಾರವೇ ಫೀಸಿನ ನೆರವು ಕೊಡುತ್ತದೆ. ಅಂಥ ಯೋಜನೆ ಇಲ್ಲದ ರಾಜ್ಯದ ಕೋಚ್ ಏನು ಮಾಡಬೇಕು? ನಿಯಮ ಎಲ್ಲರಿಗೂ ಒಂದೇ, ಆದರೆ ಕಿಸೆ ಒಂದೇ ಅಲ್ಲ.

ಇನ್ನು ವರ್ಗಾವಣೆಗೆ ಬರೋಣ. ಮೊದಲು ಮೊದಲ ದರ್ಜೆಯ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ಬೇಸ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. ಕೋಚ್‌ಗೆ ಮಾತ್ರ ಆ ಕಟ್ಟು ಇರಲಿಲ್ಲ, ಅವನು ಇವತ್ತು ಇಲ್ಲಿ, ನಾಳೆ ಅಲ್ಲಿ. 2018ರ ಅಕ್ಟೋಬರ್‌ನಲ್ಲಿ 'ಟ್ರಾನ್ಸ್‌ಫರ್ ಪೋರ್ಟಲ್' ಬಂತು. ಅದು ಒಂದು ಆನ್‌ಲೈನ್ ಪಟ್ಟಿ. ಆಟಗಾರ ತನ್ನ ಹೆಸರು ಸೇರಿಸಿದರೆ ಬೇರೆ ಕಾಲೇಜುಗಳ ಕೋಚ್‌ಗಳು ಅವನನ್ನು ಸಂಪರ್ಕಿಸಬಹುದು. 2021ರಲ್ಲಿ ಒಂದು ಸಲ ಕಾಲೇಜು ಬದಲಿಸಿ ತಕ್ಷಣ ಆಡಲು ಅನುಮತಿ ಸಿಕ್ಕಿತು. 2024ರಲ್ಲಿ ಆ 'ಒಂದು ಸಲ' ಎಂಬ ಮಿತಿಯೂ ಹೋಯಿತು, ಓದಿನಲ್ಲಿ ಹಿಂದೆ ಬೀಳದಿದ್ದರೆ ಸಾಕು. ಇದರ ಮಧ್ಯೆ 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಕೊಟ್ಟು ಹಣ ಗಳಿಸಬಹುದು ಎಂದಾಯಿತು. ಹೋಗುವ ಸ್ವಾತಂತ್ರ್ಯ ಮತ್ತು ಗಳಿಸುವ ಸ್ವಾತಂತ್ರ್ಯ ಒಂದೇ ವರ್ಷ ಬಂದವು. ಎರಡೂ ಸೇರಿದಾಗ ಅದು ಮಾರುಕಟ್ಟೆಯೇ ಆಯಿತು.

ಇದಕ್ಕೆ ಒಳ್ಳೆಯ ಉದಾಹರಣೆ 2023ರ ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಎಲ್.ಎಸ್.ಯು. ಪಾಲ್ ಸ್ಕೀನ್ಸ್ ಎಂಬ ಪಿಚರ್ (ನಮ್ಮ ಬೌಲರ್ ಇದ್ದಂತೆ) ಅಮೆರಿಕದ ಏರ್‌ಫೋರ್ಸ್ ಅಕಾಡೆಮಿಯಲ್ಲಿ ಓದುತ್ತಿದ್ದ. ಎರಡು ವರ್ಷ ಮುಗಿಸಿ 2022ರಲ್ಲಿ ಎಲ್.ಎಸ್.ಯು.ಗೆ ಬಂದ. ಅಕಾಡೆಮಿಯಲ್ಲಿ ಫೀಸು ಇಲ್ಲ, ಆದರೆ ಮೂರನೇ ವರ್ಷಕ್ಕೆ ಕಾಲಿಟ್ಟರೆ ಸೇನೆಯಲ್ಲಿ ಸೇವೆ ಮಾಡುವ ಕರಾರು ಬೀಳುತ್ತದೆ. ಹಾಗಾಗಿ ಅವನು ಹಣಕ್ಕಾಗಿಯೇ ಹೋದ ಎಂದು ಹೇಳುವುದು ಅನ್ಯಾಯ. ಟಾಮಿ ವೈಟ್ ಎಂಬ ಬ್ಯಾಟರ್ ನಾರ್ತ್ ಕೆರೊಲಿನಾ ಸ್ಟೇಟ್‌ನಲ್ಲಿ ಮೊದಲ ವರ್ಷವೇ 27 ಹೋಮ್‌ರನ್ ಹೊಡೆದು, ಅವನೂ ಎಲ್.ಎಸ್.ಯು.ಗೆ ಬಂದ.

ಆ ವರ್ಷ ಒಮಾಹಾ ನಗರದಲ್ಲಿ ನಡೆದ ಕಾಲೇಜು ವರ್ಲ್ಡ್ ಸೀರೀಸ್‌ನಲ್ಲಿ ವೇಕ್ ಫಾರೆಸ್ಟ್ ವಿರುದ್ಧದ ಪಂದ್ಯ ಗೆದ್ದರೆ ಫೈನಲ್. ಸ್ಕೀನ್ಸ್ ಎಂಟು ಇನ್ನಿಂಗ್ಸ್‌ನಲ್ಲಿ ಒಂದೂ ರನ್ ಕೊಡಲಿಲ್ಲ. ಒಂಬತ್ತು ಇನ್ನಿಂಗ್ಸ್ ಮುಗಿದರೂ ಎರಡೂ ಕಡೆ ಸೊನ್ನೆ. ಹನ್ನೊಂದನೆಯದರಲ್ಲಿ ವೈಟ್ ಹೋಮ್‌ರನ್ ಹೊಡೆದ, 2-0. ಇಬ್ಬರೂ ಹಿಂದಿನ ವರ್ಷ ಬೇರೆ ಕಾಲೇಜಿನವರು! ಆಮೇಲೆ ಎಲ್.ಎಸ್.ಯು. ಫ್ಲೋರಿಡಾವನ್ನು ಸೋಲಿಸಿ ಚಾಂಪಿಯನ್ ಆಯಿತು. ಮುಂದಿನ ತಿಂಗಳು ಸ್ಕೀನ್ಸ್‌ನನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ವೃತ್ತಿಪರ ತಂಡ ದೇಶದ ಮೊದಲ ಆಯ್ಕೆಯಾಗಿ ಆರಿಸಿ 92 ಲಕ್ಷ ಡಾಲರ್ ಕೊಟ್ಟಿತು. ನಮ್ಮ ಹಣದಲ್ಲಿ ಆಗ ಸುಮಾರು 75 ಕೋಟಿ ರೂಪಾಯಿ. (2008ರಲ್ಲಿ ನಮ್ಮ ದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಒಪ್ಪಂದ ಮಾಡಿಕೊಂಡದ್ದೂ ಇದೇ ಪೈರೇಟ್ಸ್ ಜೊತೆ. ಈ ರಿಂಕು ಕ್ರಿಕೆಟ್‌ನ ರಿಂಕು ಅಲ್ಲ.) ಎರಡನೇ ಆಯ್ಕೆ ಡಿಲನ್ ಕ್ರೂಸ್, ಅವನೂ ಎಲ್.ಎಸ್.ಯು. ಆಟಗಾರನೇ. ಆದರೆ ಅವನು ಹೈಸ್ಕೂಲಿನಿಂದ ನೇರವಾಗಿ ಅಲ್ಲಿಗೆ ಬಂದವನು. ಪೋರ್ಟಲ್ ಒಂದರಿಂದಲೇ ತಂಡ ಕಟ್ಟಿದರು ಎನ್ನುವುದು ಸರಿಯಲ್ಲ.

ನನಗೆ ಇಲ್ಲಿ ನಮ್ಮ ಅಕೌಂಟೆನ್ಸಿಯ ಪಾಲುದಾರಿಕೆ ಅಧ್ಯಾಯ ನೆನಪಾಗುತ್ತದೆ. ಹೊಸ ಪಾಲುದಾರ ಸೇರುವಾಗ ಗುಡ್‌ವಿಲ್‌ನ ತನ್ನ ಪಾಲು ತರಬೇಕು, ಅದನ್ನು ಹಳಬರು ತ್ಯಾಗದ ಅನುಪಾತದಲ್ಲಿ ಹಂಚಿಕೊಳ್ಳುತ್ತಾರೆ. ಬಿಟ್ಟುಕೊಟ್ಟವನಿಗೆ ಪರಿಹಾರ ಉಂಟು. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳಲ್ಲೂ ಆಟಗಾರನನ್ನು ಕೊಳ್ಳುವವರು ಹಳೆಯ ಕ್ಲಬ್‌ಗೆ ಹಣ ಕೊಡುತ್ತಾರೆ. ಅಮೆರಿಕದ ಕಾಲೇಜುಗಳ ನಡುವೆ ಅದೇನೂ ಇಲ್ಲ. ಸಣ್ಣ ಕಾಲೇಜೊಂದು ಹುಡುಗನನ್ನು ಎರಡು ವರ್ಷ ತಿದ್ದಿ ತೀಡಿ ಬೆಳೆಸುತ್ತದೆ, ದೊಡ್ಡ ಕಾಲೇಜು ಕರೆದುಕೊಳ್ಳುತ್ತದೆ, ಹಳೆಯ ಕಾಲೇಜಿನ ಪುಸ್ತಕದಲ್ಲಿ ಒಂದು ಡಾಲರ್ ಜಮಾ ಆಗುವುದಿಲ್ಲ. ಆಟಗಾರನನ್ನು ತಡೆಯಬಾರದು ಎಂದು ನಾನೂ ಒಪ್ಪುತ್ತೇನೆ. ಆದರೆ ಬೆಳೆಸಿದ ಕಾಲೇಜಿಗೆ ಏನೂ ಸಿಗಬಾರದೇ? ಈ ವಿಷಯದಲ್ಲಿ ಯುರೋಪಿನ ಪದ್ಧತಿಯೇ ನನಗೆ ಸರಿ ಅನ್ನಿಸುತ್ತದೆ.

2025ರ ಜೂನ್‌ನಲ್ಲಿ 'ಹೌಸ್' ಮೊಕದ್ದಮೆಯ ಒಪ್ಪಂದಕ್ಕೆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಹೌಸ್ ಎಂದರೆ ಮನೆಯಲ್ಲ, ಗ್ರಾಂಟ್ ಹೌಸ್ ಎಂಬ ಈಜುಗಾರನ ಹೆಸರು. ಇದರ ಪ್ರಕಾರ ಒಂದು ಕಾಲೇಜು ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೆ ಸೇರಿ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಅದರಲ್ಲಿ ಸಿಂಹಪಾಲು ಫುಟ್‌ಬಾಲ್‌ಗೆ, ನಂತರ ಬ್ಯಾಸ್ಕೆಟ್‌ಬಾಲ್‌ಗೆ. ಬೇಸ್‌ಬಾಲ್‌ಗೆ ಉಳಿದ ಚೂರು. ಆದರೆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ 11.7ರ ಮಿತಿ ಹೋಯಿತು. ಈಗ ಪಟ್ಟಿಯಲ್ಲಿ 34 ಜನ, ಬೇಕಾದರೆ 34 ಜನರಿಗೂ ಪೂರ್ಣ ಸ್ಕಾಲರ್‌ಶಿಪ್. 'ಬೇಕಾದರೆ' ಎನ್ನುವ ಪದ ಗಮನಿಸಿ. ಮಿತಿ ತೆಗೆದರು, ಹಣ ಯಾರೂ ಕೊಡಲಿಲ್ಲ. ಕಾಲೇಜು ಬೇಸ್‌ಬಾಲ್‌ನಲ್ಲಿ ಲಾಭ ಮಾಡುವವರು ಬೆರಳೆಣಿಕೆಯಷ್ಟು. ಉಳಿದವರು ಆ ಹೆಚ್ಚುವರಿ 22.3 ಸ್ಕಾಲರ್‌ಶಿಪ್‌ಗಳನ್ನು ಎಲ್ಲಿಂದ ತರುತ್ತಾರೆ?

ಇದರ ಪೆಟ್ಟು ಹೈಸ್ಕೂಲ್ ಹುಡುಗರಿಗೂ ಬೀಳುತ್ತದೆ. ಜಾಗ 34, ಅದರಲ್ಲಿ ಪೋರ್ಟಲ್‌ನಿಂದ ಬಂದ 22 ವರ್ಷದ ಅನುಭವಿಗಳು ಒಂದಷ್ಟು. 18ರ ಹುಡುಗನನ್ನು ಕಾದು ಬೆಳೆಸುವ ತಾಳ್ಮೆ ಯಾವ ಕೋಚ್‌ಗೆ ಇದೆ? ವೃತ್ತಿಪರ ತಂಡಗಳ ಆಯ್ಕೆಯೂ ಮೊದಲಿನ 40 ಸುತ್ತಿನಿಂದ 20ಕ್ಕೆ ಇಳಿದಿದೆ.

ಹಣ ಇದ್ದರೆ ಗೆಲುವು ಖಚಿತವೇ? 2024ರಲ್ಲಿ ಟೆಕ್ಸಸ್ ಎ ಅಂಡ್ ಎಂ ಫೈನಲ್‌ನಲ್ಲಿ ಟೆನೆಸ್ಸಿಗೆ ಸೋತಿತು. ಮರುದಿನವೇ ಅದರ ಕೋಚ್ ಜಿಮ್ ಶ್ಲಾಸ್‌ನೇಗಲ್ ಬದ್ಧ ಪ್ರತಿಸ್ಪರ್ಧಿಯಾದ ಟೆಕ್ಸಸ್‌ಗೆ ಹೊರಟುಬಿಟ್ಟರು. 2025ರಲ್ಲಿ ಅವರ ಟೆಕ್ಸಸ್ ತಂಡ ತನ್ನ ಲೀಗ್‌ನಲ್ಲಿ ಮೊದಲ ಸ್ಥಾನ ಪಡೆಯಿತು. ಋತುವಿಗೆ ಮುಂಚೆ ದೇಶಕ್ಕೇ ನಂಬರ್ ಒನ್ ಎನಿಸಿದ್ದ ಎ ಅಂಡ್ ಎಂ ರಾಷ್ಟ್ರೀಯ ಟೂರ್ನಿಗೂ ಬರಲಿಲ್ಲ. ಆದರೆ ಆ ಟೆಕ್ಸಸ್ ಕೂಡ ತನ್ನದೇ ಊರಿನಲ್ಲಿ, ಸ್ಯಾನ್ ಅಂಟೋನಿಯೊದ ಕಡಿಮೆ ಬಜೆಟ್ಟಿನ ಯು.ಟಿ.ಎಸ್.ಎ. ತಂಡದ ಕೈಯಲ್ಲಿ ಸೋತು ಹೊರಬಿತ್ತು. ಅದೇ ವರ್ಷ ಕೆಂಟುಕಿಯ ಮರ್ರೆ ಸ್ಟೇಟ್ ಎಂಬ ಸಣ್ಣ ಕಾಲೇಜು ಮೊದಲ ಬಾರಿ ಒಮಾಹಾ ತಲುಪಿತು. ಕೋಸ್ಟಲ್ ಕೆರೊಲಿನಾ ಫೈನಲ್‌ವರೆಗೆ ಬಂತು. ಅಲ್ಲಿ ಅದನ್ನು ಸೋಲಿಸಿದ್ದು ಮತ್ತೆ ಎಲ್.ಎಸ್.ಯು.

ಇದನ್ನೆಲ್ಲ ಬರೆದ ಮೇಲೆ ಗೆಳೆಯನಿಗೆ ಫೋನ್ ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿ ಅವನು, "ಯಾರ್, ನನಗೂ ಇಲ್ಲಿ ಪೂರ್ತಿ ಫ್ರೀ ಅಲ್ಲ, ಪುಸ್ತಕ ಮತ್ತು ಬಸ್ ಪಾಸ್ ನನ್ನದೇ" ಎಂದ. ಅದನ್ನೂ ಸೇರಿಸು ಎಂದ, ಸೇರಿಸಿದ್ದೇನೆ.