ಪುಸ್ತಕವು ತಪ್ಪೋ, ಯಂತ್ರವು ತಪ್ಪೋ?

ಹೊಸಕೆರೆಹಳ್ಳಿಯ ಕೆರೆಯ ನೀರಿನಲ್ಲಿ ಮೀನು ಬದುಕುವಷ್ಟು ಆಮ್ಲಜನಕವಿದೆಯೇ ಎಂಬುದನ್ನು ನಮ್ಮ ಒಂಬತ್ತನೆಯ ತರಗತಿಯ ಬಾಲಿಕೆಯರು ತಾವೇ ಅಳೆದು ತಿಳಿಯಲು ಹೊರಟರು. ಮಾಪಕಯಂತ್ರವನ್ನು ಕೆರೆಗೆ ಒಯ್ಯುವ ಮೊದಲು ಶಾಲೆಯಲ್ಲಿಯೇ ಪರೀಕ್ಷಿಸಬೇಕಷ್ಟೆ. ಶುದ್ಧ ಜಲವನ್ನು ಗಾಳಿಯೊಡನೆ ಚೆನ್ನಾಗಿ ಕಲಕಿ ಯಂತ್ರವನ್ನು ಅದರಲ್ಲಿಟ್ಟರು. 25 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಇರಬೇಕೆಂದು ಪುಸ್ತಕದ ಕೋಷ್ಟಕವು ಹೇಳುತ್ತಿತ್ತು. ಯಂತ್ರವು ತೋರಿಸಿದುದು ಏಳೂವರೆ. ಯಂತ್ರವೇ ಕೆಟ್ಟಿದೆಯೆಂದು ನಾನು ಒಡನೆಯೇ ತೀರ್ಪಿತ್ತೆನು. (ಮುಖ್ಯೋಪಾಧ್ಯಾಯಿನಿಯ ಮಾತಿಗೆ ಎದುರಾಡುವವರು ವಿರಳ.) ಆದರೆ ಹಿಂದಿನ ಬೆಂಚಿನ ಬಾಲಿಕೆಯೊಬ್ಬಳು, “ಮಿಸ್, ಆ ಕೋಷ್ಟಕವನ್ನು ಯಾವ ಊರಿನ ಗಾಳಿಗೆ ಬರೆದಿದ್ದಾರೆ?” ಎಂದು ಮೆಲ್ಲನೆ ಕೇಳಿದಳು.

ಅಡಿಟಿಪ್ಪಣಿಯನ್ನು ನೋಡಿದೆವು: ಸಮುದ್ರಮಟ್ಟದ ಗಾಳಿಗೆ! ಬೆಂಗಳೂರಾದರೋ ಸುಮಾರು 900 ಮೀಟರ್ ಎತ್ತರದಲ್ಲಿರುವುದು. ಇಲ್ಲಿ ವಾಯುವಿನ ಒತ್ತಡವು ಹತ್ತರಲ್ಲೊಂದು ಪಾಲು ಕಡಮೆ. ನೀರಿನಲ್ಲಿ ಕರಗುವ ಆಮ್ಲಜನಕವೂ ಹೆಚ್ಚುಕಡಮೆ ಅಷ್ಟೇ ಕಡಮೆ. ಕಳೆದು ನೋಡಿದರೆ ಏಳೂವರೆಯೇ ಬಂದಿತು. ಯಂತ್ರವೂ ಸರಿ, ಪುಸ್ತಕವೂ ಸರಿ, ತಪ್ಪಿದವಳು ನಾನು. ಹಾಗೆಂದು ತರಗತಿಯ ಮುಂದೆಯೇ ಒಪ್ಪಿಕೊಂಡೆನು.

ಈಗ ಅವರು ಸೂರ್ಯೋದಯಕ್ಕೆ ಮೊದಲೇ ಕೆರೆಗೆ ಹೋಗಲು ಅಪ್ಪಣೆ ಬೇಡುತ್ತಿದ್ದಾರೆ. ಹಗಲಿನಲ್ಲಿ ಪಾಚಿಯು ಆಮ್ಲಜನಕವನ್ನು ಬಿಡುವುದು, ರಾತ್ರಿಯಲ್ಲಿ ಹೀರುವುದು. ಆದುದರಿಂದ ಮಧ್ಯಾಹ್ನದ ಲೆಕ್ಕವೊಂದೇ ಸಾಲದೆಂಬುದು ಅವರ ವಾದ. ಪೋಷಕರಲ್ಲಿ ಇಬ್ಬರಾದರೂ ಜತೆಗೆ ಬರುವಿರಾ?