ಕೆರೆಯ ನೀರನ್ನು ಓದುವ ಬಗೆ

ಹಿಡಿ ಮಣ್ಣನ್ನು ಕೈಗೆತ್ತಿಕೊಂಡು ಅದರ ಗುಣ ಹೇಳಬಲ್ಲ ಒಕ್ಕಲಿಗನು ಕೆರೆಯ ನೀರಿನ ಮುಂದೆ ಸುಮ್ಮನೆ ನಿಲ್ಲುತ್ತಾನೆ. ಮೀನು ಸಾಕಲು ಕೆರೆಯನ್ನು ಗುತ್ತಿಗೆ ಹಿಡಿದವರು ಹೀಗೆ ಸುಮ್ಮನಿದ್ದರೆ ನಷ್ಟ ತಪ್ಪದು. ತಿಂಗಳುಗಟ್ಟಲೆ ಬೆಳೆಸಿದ ಮೀನು ಒಂದೇ ರಾತ್ರಿ ಸತ್ತು ತೇಲುವುದುಂಟು. ಯಾರೋ ವಿಷ ಹಾಕಿದರೆಂದು ಊರಲ್ಲಿ ಜಗಳವೇಳುತ್ತದೆ. ಅನೇಕ ವೇಳೆ ಕಾರಣವು ನೀರಿನೊಳಗೇ ಇರುತ್ತದೆ.

ನಮ್ಮ ಕಂಬಂ ಕಣಿವೆಗೆ ನೀರು ಬರುವುದು 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನಿಂದ, ಬೆಟ್ಟ ಕೊರೆದ ಸುರಂಗದ ಮೂಲಕ. ಅದು ಗದ್ದೆ ತೋಟಗಳಿಗೆ ಉಣಿಸಿ, ಮಿಕ್ಕದ್ದು 1959ರಲ್ಲಿ ತೆರೆದ ವೈಗೈ ಜಲಾಶಯವನ್ನು ಸೇರುತ್ತದೆ. ಹರಿಯುವ ನೀರಿನಲ್ಲಿ ಸೂಕ್ಷ್ಮ ಜೀವಿಗಳು ನೆಲೆನಿಂತು ಹೆಚ್ಚಲಾರವು. ಅದೇ ನೀರು ಕಣ್ಮಾಯಿಯಲ್ಲಿ, ಅಂದರೆ ಕೆರೆಯಲ್ಲಿ, ನಿಂತು ಬಿಸಿಲು ಕಂಡಾಗ ಅವು ಬೇಗ ಬೆಳೆಯುತ್ತವೆ. ಇವುಗಳಿಗೆ ಜರ್ಮನಿಯ ವಿಜ್ಞಾನಿ ಹೆನ್ಸನ್ 1887ರಲ್ಲಿ ಪ್ಲಾಂಕ್ಟನ್ ಎಂದು ಹೆಸರಿಟ್ಟನು. ಕನ್ನಡದಲ್ಲಿ ಪ್ಲವಕಗಳೆನ್ನುತ್ತೇವೆ.

ಪ್ಲವಕಗಳಲ್ಲಿ ಎರಡು ಬಗೆ. ಹಸಿರು ಪಾಚಿಯಂಥವು ಸಸ್ಯ ಪ್ಲವಕಗಳು. ಅವನ್ನು ತಿಂದು ಬದುಕುವ ನೀರುಚಿಗಟ ಮೊದಲಾದವು ಪ್ರಾಣಿ ಪ್ಲವಕಗಳು. ಕಾಟ್ಲಾ ಮೀನು ನೀರಿನ ಮೇಲ್ಪದರದಲ್ಲಿ ಮುಖ್ಯವಾಗಿ ಪ್ರಾಣಿ ಪ್ಲವಕಗಳನ್ನು ಮೇಯುತ್ತದೆ. ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಆಹಾರ ಹುಡುಕುತ್ತವೆ. ಆದುದರಿಂದ ಪ್ಲವಕವೇ ಕೆರೆಯ ಮೇವು. ಗೊಬ್ಬರ ಹಾಕುವುದು ಮೇವು ಬೆಳೆಯಲೆಂದೇ.

ಆದರೆ ಮೇವು ಮಿತಿಮೀರಿದರೆ ಕೇಡು. ಹಗಲು ಬಿಸಿಲಿನಲ್ಲಿ ಹಸಿರು ಪ್ಲವಕವು ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಕೊಡುವುದು ನಿಂತು, ಪ್ಲವಕ, ಮೀನು, ಕೊಳೆಯುವ ಕಸ ಎಲ್ಲವೂ ಅದನ್ನು ಬಳಸುತ್ತವೆ. ಹೀಗಾಗಿ ಬೆಳಗಿನ ಜಾವಕ್ಕೆ ಆಮ್ಲಜನಕ ಅತಿ ಕಡಿಮೆ. ಮೋಡ ಕವಿದ ದಿನದ ಮರುಬೆಳಗು ಅಪಾಯ ಇನ್ನೂ ಹೆಚ್ಚು.

ಪರೀಕ್ಷೆ ಸುಲಭ. ಗೇಣಗಲದ ದುಂಡು ತಗಡಿಗೆ ಬಿಳಿ ಬಣ್ಣ ಬಳಿದು, ಕೆಳಗೆ ಕಲ್ಲು ಕಟ್ಟಿ, ಅಳತೆಯ ಗುರುತಿಟ್ಟ ಹಗ್ಗದಿಂದ ನಡುಹಗಲಲ್ಲಿ ನೀರಿಗಿಳಿಸಿರಿ. ಇಟಲಿಯ ಸೆಕಿ ಎಂಬಾತನು 1865ರಲ್ಲಿ ಸಮುದ್ರದಲ್ಲಿ ಮಾಡಿದ ಪರೀಕ್ಷೆ ಇಂಥದ್ದೇ. ತಗಡು 25ರಿಂದ 40 ಸೆಂಟಿಮೀಟರ್ ಆಳದಲ್ಲಿ ಮರೆಯಾದರೆ ಮೇವು ಹದವಾಗಿದೆ. 60 ದಾಟಿಯೂ ಕಂಡರೆ ಮೇವು ಸಾಲದು. 20ರೊಳಗೇ ಮರೆಯಾದರೆ ಎಚ್ಚರ! ಕೆಸರು ನೀರಿಗೆ ಈ ಲೆಕ್ಕ ಸಲ್ಲದು. ಗಾಜಿನ ಲೋಟದಲ್ಲಿಟ್ಟು ನೋಡಿದರೆ ಕೆಸರು ತಳಕ್ಕಿಳಿಯುತ್ತದೆ, ಹಸಿರು ಉಳಿಯುತ್ತದೆ.

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಗೊಬ್ಬರವನ್ನೂ ತಿನಿಸನ್ನೂ ಕೂಡಲೇ ನಿಲ್ಲಿಸಿರಿ. ಹೊಸ ನೀರು ಹಾಯಿಸಿರಿ. ಇಲ್ಲವೇ ಪಂಪಿನಿಂದ ಕೆರೆಯ ನೀರನ್ನೇ ಎತ್ತಿ ಮೇಲಿಂದ ಬೀಳಿಸಿರಿ. ಕಾಟ್ಲಾ, ರೋಹು ಸತ್ತು ಕೊರವ ಮೀನು ಬದುಕಿದ್ದರೆ ಆಮ್ಲಜನಕದ ಕೊರತೆಯೆಂದೇ ಮೊದಲು ಶಂಕಿಸಬೇಕು. ಏಕೆಂದರೆ ತಮಿಳರು ವಿರಾಲ್ ಎನ್ನುವ ಈ ಮೀನು ಹೊರಗಿನ ಗಾಳಿಯನ್ನೂ ಉಸಿರಾಡಬಲ್ಲುದು. ನೆರೆಯವನ ಮೇಲೆ ದೂರು ಹೊರಿಸುವ ಮೊದಲು ಇದನ್ನು ನೋಡಿರಿ.

ದ್ರಾಕ್ಷಿ ಬೆಳೆಗಾರರಿಗೂ ಒಂದು ಮಾತು. ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿ ತಾಮ್ರವಿದೆ. ಅದು ಪಾಚಿಯನ್ನೂ ಮೀನನ್ನೂ ಕೊಲ್ಲಬಲ್ಲುದು. ಸತ್ತ ಪಾಚಿ ಕೊಳೆಯುವಾಗ ಮತ್ತೆ ಆಮ್ಲಜನಕ ತಗ್ಗುತ್ತದೆ. ಸಿಂಪಡಿಸುವ ಪಂಪನ್ನು ಕಾಲುವೆಯಲ್ಲಾಗಲಿ ಕೆರೆಯಲ್ಲಾಗಲಿ ತೊಳೆಯಕೂಡದು.

ವಾರಕ್ಕೊಮ್ಮೆ ತಗಡಿನ ಅಳತೆ, ನೀರಿನ ಬಣ್ಣ, ಬೆಳಗಿನ ಮೀನಿನ ಚಲನೆ, ಈ ಮೂರನ್ನು ಶಾಲೆಗೆ ಹೋಗುವ ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಯಿಸಿರಿ. ಒಂದು ವರ್ಷದ ಬರಹವಿದ್ದರೆ, ನಿಮ್ಮ ಕೆರೆ ಯಾವ ತಿಂಗಳಲ್ಲಿ ಕೆಡುತ್ತದೆಂಬುದು ನಿಮಗೆ ಮುಂಚಿತವಾಗಿಯೇ ತಿಳಿಯುವುದು.