ಗೆರೆ ಎಲ್ಲಿ ನಿಲ್ಲಬೇಕು

ವಚನ, ತತ್ವಪದ, ಉಪನಿಷತ್ತಿನ ಕಥೆ, ಜಾತಕದ ಕಥೆ, ಸೂಫಿಗಳ ಮಾತು: ಇಂಥ ಬರಹಗಳ ಪಕ್ಕದಲ್ಲಿ ಕೂರುವ ಗೆರೆಚಿತ್ರ ಬರೆಯುವುದು ನನ್ನ ಕಸುಬು. ಬಣ್ಣವಿಲ್ಲ, ನೆರಳು ತುಂಬುವುದಿಲ್ಲ, ಹಿನ್ನೆಲೆ ಇಲ್ಲ. ಕಪ್ಪು ಇಂಕು, ಒಂದು ನಿಬ್ಬು, ಒಂದು ಸಣ್ಣ ಬ್ರಷ್ಷು, ಬಿಳಿ ಹಾಳೆ, ಇಷ್ಟೇ ಸಾಮಾನು. ಅಂಗೈಯಗಲದ ಜಾಗದಲ್ಲಿ ಹತ್ತು ಹನ್ನೆರಡು ಗೆರೆಗೆ ಚಿತ್ರ ಮುಗಿಯಬೇಕು. ಅಷ್ಟರಲ್ಲಿ ಒಂದು ದರ್ಶನದ ಸುಳಿವು ಕಾಣಬೇಕೆಂದರೆ, ಯಾವ ಗೆರೆ ಎಳೆದೆವು ಎನ್ನುವಷ್ಟೇ ಅದನ್ನು ಎಲ್ಲಿ ನಿಲ್ಲಿಸಿದೆವು ಎನ್ನುವುದೂ ಮುಖ್ಯವಾಗುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುತ್ತ ಬಂದ ಮಾತುಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

1. ಸಿದ್ಧ ಸಂಕೇತಗಳನ್ನು ಪಕ್ಕಕ್ಕಿಡಿ

ಧ್ಯಾನ ಎಂದ ಕೂಡಲೇ ಕಮಲ, ಶಾಂತಿ ಎಂದರೆ ಪಾರಿವಾಳ, ಜ್ಞಾನ ಎಂದರೆ ದೀಪ, ಅಧ್ಯಾತ್ಮ ಎಂದರೆ ಓಂಕಾರ. ಇವು ಒಂದೊಂದರ ಹಿಂದೆಯೂ ದೊಡ್ಡ ಪರಂಪರೆ ಇದೆ, ಅನುಮಾನವಿಲ್ಲ. ಆದರೆ ಲಗ್ನಪತ್ರಿಕೆ, ಕ್ಯಾಲೆಂಡರ್, ಊದುಬತ್ತಿ ಪೊಟ್ಟಣ, ಯೋಗ ತರಗತಿಯ ಬೋರ್ಡು, ಎಲ್ಲೆಡೆ ಕಂಡು ಕಂಡು ಕಣ್ಣು ಈಗ ಅವುಗಳ ಮೇಲೆ ನಿಲ್ಲುವುದೇ ಇಲ್ಲ. ಬಳಸಲೇಬೇಕು ಅನಿಸಿದರೆ ಚಿತ್ರದೊಳಗೆ ಅದಕ್ಕೊಂದು ಕೆಲಸ ಕೊಡಿ. ದೀಪ ಬರೆದಿರಾ? ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ಕುಡಿಯ ಓರೆಯಲ್ಲಿ ಗೊತ್ತಾಗಲಿ, ಆ ಕಡೆಯಿಂದ ಒಂದು ಕೈ ಅಡ್ಡ ಬರಲಿ. ಆಗ ಅದು ಯಾರೋ ಆರದಂತೆ ಕಾಯುತ್ತಿರುವ ದೀಪವಾಗುತ್ತದೆ, ನೋಡುವವರಿಗೂ ಅದರ ಬಗ್ಗೆ ಆತಂಕ ಹುಟ್ಟುತ್ತದೆ.

2. ಬೆನ್ನಿನಿಂದ ಶುರುಮಾಡಿ

ಕೂತ ಧ್ಯಾನಿಯನ್ನು ಬರೆಯುವವರು ಸಾಮಾನ್ಯವಾಗಿ ಮುಖದಿಂದ ಹೊರಡುತ್ತಾರೆ. ನಾನು ಹಿಂದಲೆಯಿಂದ ಹೊರಡುತ್ತೇನೆ. ತಲೆಬುರುಡೆ ಮುಗಿಯುವಲ್ಲಿ ನಿಬ್ಬು ಊರಿ, ಕತ್ತಿನಲ್ಲಿ ತುಸು ಒಳಗೆ ತಂದು, ಹೆಗಲ ಮೂಳೆಗಳ ಹತ್ತಿರ ಸ್ವಲ್ಪ ಹೊರಗೆ ಬಿಟ್ಟು, ಸೊಂಟದಲ್ಲಿ ಮತ್ತೆ ಒಳಗೆಳೆದು, ನೆಲಕ್ಕೆ ಇಳಿಸುತ್ತೇನೆ. ಒಂದೇ ಎಳೆತ, ನಡುವೆ ಕೈ ಎತ್ತುವುದಿಲ್ಲ. ಈ ಗೆರೆ ತೀರ ನೆಟ್ಟಗಾದರೆ ಕೂತವರ ಮೈಯಲ್ಲಿ ಬಿಗಿ ಕಾಣುತ್ತದೆ. ಮೇಲ್ಬೆನ್ನು ಒಂದು ಕೂದಲೆಳೆ ಹೆಚ್ಚು ಬಾಗಿದರೆ ತೂಕಡಿಕೆ. ಅದೇ ಬಾಗು ಕತ್ತಿಗೆ ಬಂದರೆ ದುಃಖ. ಸೊಂಟದ ಒಳಬಾಗು ಸರಿಯಾಗಿ ಬಿದ್ದು, ನೆಲ ಮುಟ್ಟುವಲ್ಲಿ ಗೆರೆ ಕೊಂಚ ದಪ್ಪವಾದಾಗ, ಆ ದೇಹ ತನ್ನ ಭಾರವನ್ನೆಲ್ಲ ನೆಲಕ್ಕೆ ಒಪ್ಪಿಸಿ ಹಗುರವಾದದ್ದು ಕಾಣುತ್ತದೆ. ಅಲ್ಲಿಗೆ ಧ್ಯಾನ ಬಂತು. ಇನ್ನು ಅರೆಮುಚ್ಚಿದ ಕಣ್ಣು, ಚಿನ್ಮುದ್ರೆ, ತಲೆಯ ಸುತ್ತಿನ ಪ್ರಭೆ ಯಾವುದೂ ಬೇಕಾಗುವುದಿಲ್ಲ.

ನಂದಲಾಲ್ ಬೋಸ್ 1930ರಲ್ಲಿ ಮಾಡಿದ ಗಾಂಧಿಯ ಲಿನೊಕಟ್ ನೋಡಿ. ಕಪ್ಪಿನ ಮೇಲೆ ಕೆಲವೇ ಬಿಳಿ ಗೆರೆ: ಮುಂದಿಟ್ಟ ಹೆಜ್ಜೆ, ಊರಿದ ಕೋಲು, ನಡಿಗೆಯಲ್ಲಿ ತುಸು ಬಾಗಿದ ಮೈ. ದಂಡಿ ಯಾತ್ರೆಯ ಚಿತ್ರ ಅದು, ಆದರೆ ಅದರಲ್ಲಿ ಧ್ವಜವಿಲ್ಲ, ಚರಕವಿಲ್ಲ, ಸಮುದ್ರವಿಲ್ಲ. ಸತ್ಯಾಗ್ರಹದ ಅಷ್ಟೂ ಅರ್ಥ ಆ ನಡಿಗೆಯಲ್ಲೇ ಇದೆ. ನಮ್ಮವರೇ ಆದ ಕೆ.ಕೆ. ಹೆಬ್ಬಾರ್ ಕೂಡ ಇದನ್ನು ಚೆನ್ನಾಗಿ ಬಲ್ಲವರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು ಲಯ ಮೈಗೂಡಲೆಂದು ಕಥಕ್ ಕಲಿತರು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’. ಚಿತ್ರ ಕಲಿಯುವವರಿಗೆ ಆ ಪುಸ್ತಕ ಎಲ್ಲಾದರೂ ಸಿಕ್ಕರೆ ಬಿಡಬೇಡಿ.

3. ಕಾಣದ್ದನ್ನು ಬರೆಯಲು ಅದರ ಸುತ್ತಲಿನದನ್ನು ಬರೆಯಿರಿ

ಇದನ್ನು ಕಲಿಸಿದ್ದು ಸಾಂಚಿ. ದೊಡ್ಡ ಸ್ತೂಪದ ಪೂರ್ವ ತೋರಣದ ನಡುತೊಲೆಯ ಮೇಲೆ ಸಿದ್ಧಾರ್ಥ ಅರಮನೆ ಬಿಟ್ಟು ಹೋದ ಕಥೆ ಇದೆ. ಕುದುರೆ ಊರಬಾಗಿಲಿನಿಂದ ಹೊರಡುತ್ತದೆ, ಅದೇ ಕುದುರೆ ಮತ್ತೆ ಮತ್ತೆ ಬರುತ್ತ ಎಡದಿಂದ ಬಲಕ್ಕೆ ಸಾಗುತ್ತದೆ. ಅದರ ಬೆನ್ನ ಮೇಲೆ ಯಾರೂ ಇಲ್ಲ. ಆದರೆ ಖಾಲಿ ಜೀನಿನ ಮೇಲೆ ಕೊಡೆ ಹಿಡಿದಿದ್ದಾರೆ. ತೊಲೆಯ ಬಲತುದಿಯಲ್ಲಿ ಎರಡು ಪಾದದ ಗುರುತು, ಈಗ ಕೊಡೆ ಅವುಗಳ ಮೇಲಿದೆ. ಅಲ್ಲಿಂದ ಕುದುರೆ ಹಿಂದಿರುಗುತ್ತದೆ, ಕೊಡೆ ಇಲ್ಲದೆ. ಸವಾರ ಇಳಿದ ಎಂಬುದನ್ನು ಒಂದು ಕೊಡೆಯ ಜಾಗ ಬದಲಿಸಿ ಹೇಳಿದ ಆ ಶಿಲ್ಪಿಗಳ ಮುಂದೆ ನಾನು ಪ್ರತಿಸಲವೂ ತಲೆಬಾಗುತ್ತೇನೆ. ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸುವ ರೂಢಿ ಅಲ್ಲಿಗೆ ಬಂದಿರಲಿಲ್ಲ. ತೋರಿಸದೆಯೇ ಅವನನ್ನು ಕಾಣಿಸಿದರು.

ಜೈನರ ಸಿದ್ಧಪ್ರತಿಮೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಲೋಹದ ತಗಡಿನಲ್ಲಿ ನಿಂತ ಮನುಷ್ಯನ ಆಕಾರವನ್ನು ಕತ್ತರಿಸಿ ತೆಗೆದಿರುತ್ತಾರೆ. ದೇಹವನ್ನೇ ಕಳೆದುಕೊಂಡ ಮುಕ್ತಾತ್ಮನಿಗೆ ಮೂರ್ತಿ ಹೇಗೆ ಮಾಡುವುದು? ಇಲ್ಲದ ಲೋಹದಿಂದ. ಆ ಕಿಂಡಿಯಾಚೆ ಗೋಡೆ ಇದ್ದರೆ ಗೋಡೆ, ಆಕಾಶವಿದ್ದರೆ ಆಕಾಶ ಕಾಣುತ್ತದೆ. ಕನಿಷ್ಠ ಗೆರೆಯಲ್ಲಿ ಕೆಲಸ ಮಾಡುವ ಯಾರೇ ಆಗಲಿ ಇದನ್ನೊಮ್ಮೆ ಎದುರು ನಿಂತು ನೋಡಬೇಕು.

ನನ್ನ ಕೆಲಸದಲ್ಲಿ ಇದು ಹೆಚ್ಚು ನೆರವಾಗಿರುವುದು ಇಷ್ಟಲಿಂಗದ ವಿಷಯಕ್ಕೆ. ಲಿಂಗಪೂಜೆಯ ಚಿತ್ರದಲ್ಲಿ ಲಿಂಗವನ್ನೇ ಬಿಡಿಸಿದರೆ ನೋಟ ಆ ಕಪ್ಪು ಆಕಾರಕ್ಕೆ ಅಂಟಿಕೊಳ್ಳುತ್ತದೆ. ನಾನು ಎಡಗೈಯನ್ನು ಬರೆಯುತ್ತೇನೆ. ಬೆರಳುಗಳ ತುದಿ ಸ್ವಲ್ಪ ಮೇಲೆದ್ದು, ಅಂಗೈ ತಗ್ಗಾಗಿ, ತೂಕವಿರುವ ವಸ್ತುವೊಂದನ್ನು ಹೊತ್ತಂತೆ ಮಣಿಕಟ್ಟು ಗಟ್ಟಿಯಾಗಿ ನಿಂತಿರುತ್ತದೆ. ಎದುರಿಗೆ ಬಾಗಿದ ಹಣೆಯ ಒಂದು ಗೆರೆ. ನಡುವೆ ಬರೀ ಹಾಳೆ.

4. ಒಂದು ಪರಂಪರೆಯ ಶೂನ್ಯವನ್ನು ಇನ್ನೊಂದಕ್ಕೆ ತೊಡಿಸಬೇಡಿ

ಈಗ ‘ಶೂನ್ಯ’ ಎಂದರೆ ಬ್ರಷ್ಷಿನಲ್ಲಿ ಎಳೆದ ಒಂದು ವೃತ್ತ ಬರೆಯುವುದು ಎಲ್ಲರಿಗೂ ರೂಢಿಯಾಗಿದೆ. ಅದು ಝೆನ್ ಸಾಧುಗಳ ಎನ್ಸೊ. ಒಂದೇ ಬೀಸಿಗೆ ಬರೆದದ್ದು, ಕೆಲವೊಮ್ಮೆ ಬಾಯಿ ಕೂಡದೆ ಬಿಟ್ಟದ್ದು. ಅದಕ್ಕೆ ಅದರದೇ ಸಂಗತಿ ಇದೆ. 12ನೇ ಶತಮಾನದ ಚೀನೀ ಸಾಧು ಕುವೊಆನ್‌ನ ಹೆಸರಿನಲ್ಲಿರುವ, ಎತ್ತು ಹುಡುಕುವವನ ಹತ್ತು ಚಿತ್ರಗಳ ಸಾಲಿನಲ್ಲಿ ಎಂಟನೆಯದು ಖಾಲಿ ವೃತ್ತ. ಎತ್ತೂ ಇಲ್ಲ, ಹುಡುಕಿದವನೂ ಇಲ್ಲ. ಆದರೆ ಸಾಲು ಅಲ್ಲಿಗೆ ನಿಲ್ಲುವುದಿಲ್ಲ. ಒಂಬತ್ತರಲ್ಲಿ ನೀರು, ಹೂಬಿಟ್ಟ ಮರ ಬರುತ್ತವೆ. ಹತ್ತರಲ್ಲಿ ಅವನು ಪೇಟೆಗೆ ಮರಳುತ್ತಾನೆ. ಆ ವೃತ್ತದ ಅರ್ಥ ಹಿಂದಿನ ಏಳು ಮತ್ತು ಮುಂದಿನ ಎರಡು ಚಿತ್ರಗಳನ್ನು ಹಿಡಿದು ನಿಂತಿದೆ.

ಇದನ್ನೇ ತಂದು ಅಲ್ಲಮನ ವಚನದ ಪಕ್ಕ ಇಟ್ಟರೆ ನನಗೆ ಒಪ್ಪಿಗೆಯಾಗುವುದಿಲ್ಲ. ವೃತ್ತ ಬರೆದ ಕ್ಷಣವೇ ಒಳಗೊಂದು, ಹೊರಗೊಂದು ಹುಟ್ಟಿತು. ಅಲ್ಲಮನ ಬಯಲಿಗೆ ಬೇಲಿ ಎಲ್ಲಿದೆ? ಅವನಿಗೆ ಚಿತ್ರ ಬರೆಯುವಾಗ ನಾನು ಅವನ ಪೂರ್ವಾಶ್ರಮದ ಕಡೆ ತಿರುಗುತ್ತೇನೆ. ಹರಿಹರ, ಚಾಮರಸ ಇಬ್ಬರೂ ಅವನನ್ನು ಮದ್ದಳೆಯ ಜೊತೆ ನೆನೆಯುತ್ತಾರೆ. ಹಾಳೆಯ ಕೆಳಗಿನ ಎಡಮೂಲೆಯಲ್ಲಿ ಸಣ್ಣದೊಂದು ಮದ್ದಳೆ, ಬಾರು ಬಿಚ್ಚಿದ್ದು, ಬಾರಿನ ತುದಿ ಹಾಳೆಯಂಚಿನವರೆಗೆ ಹೋಗಿ ಹೊರಬೀಳುತ್ತದೆ. ಉಳಿದ ಜಾಗದಲ್ಲಿ ಏನೂ ಇಲ್ಲ, ಚೌಕಟ್ಟಿನ ಗೆರೆಯನ್ನೂ ಹಾಕಬೇಡಿ ಎಂದು ಪುಟ ಕಟ್ಟುವವರಿಗೆ ಹೇಳುತ್ತೇನೆ. ನುಡಿಸಿದವನು ಎದ್ದು ಹೋಗಿದ್ದಾನೆ.

5. ಗೆರೆಗೂ ಒಂದು ದನಿ ಇರುತ್ತದೆ

ಫ್ರಾನ್ಸಿನ ವಾನ್ಸ್ ಊರಿನ ಪುಟ್ಟ ಪ್ರಾರ್ಥನಾಮಂದಿರ ಮಾತೀಸ್‌ನ ಕೈಕೆಲಸ. 1948ರಿಂದ 1951ರವರೆಗೆ, ಎಪ್ಪತ್ತು ದಾಟಿ, ಕಾಯಿಲೆಯ ನಡುವೆ, ಉದ್ದನೆಯ ಬಿದಿರುಕೋಲಿನ ತುದಿಗೆ ಕುಂಚ, ಇದ್ದಿಲು ಕಟ್ಟಿಕೊಂಡು ಅದಕ್ಕಾಗಿ ಚಿತ್ರ ಬರೆದ. ಬಿಳಿ ಟೈಲ್ಸ್ ಮೇಲೆ ಕಪ್ಪು ಗೆರೆ, ಅಷ್ಟೇ. ಸಂತ ಡೊಮಿನಿಕ್ ಆಳೆತ್ತರವನ್ನೂ ಮೀರಿ ನಿಂತಿದ್ದಾನೆ, ನಿಲುವಂಗಿಯ ಗೆರೆಗಳು ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತವೆ, ಮುಖ ಬರೀ ಮೊಟ್ಟೆಯಾಕಾರ. ಇನ್ನೊಂದು ಗೋಡೆಗೆ ತಿರುಗಿದರೆ ಶಿಲುಬೆ ಹಾದಿಯ ಹದಿನಾಲ್ಕು ಘಟನೆ ಒಂದೇ ಹರವಿನಲ್ಲಿ ಇವೆ. ಅಲ್ಲಿ ಗೆರೆ ಒರಟು, ಅವಸರದ್ದು, ಕೆಲವು ಕಡೆ ಗೀಚಿದಂತೆ. ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಬೇರೆ. ಅದೇ ಕೈ, ಅದೇ ಕಪ್ಪು. ಶಾಂತಿಗೆ ಒಂದು ದನಿ, ಯಾತನೆಗೆ ಇನ್ನೊಂದು. ಯಾತನೆಯನ್ನು ನಯವಾದ ಗೆರೆಯಲ್ಲಿ ಬರೆದರೆ ಅದು ಅಲಂಕಾರವಾಗಿಬಿಡುತ್ತದೆ. ಇಂದು ಕಂಪ್ಯೂಟರಿನಲ್ಲಿ ಎಳೆಯುವ, ಉದ್ದಕ್ಕೂ ಒಂದೇ ದಪ್ಪದ ಗೆರೆಯ ಬಗ್ಗೆ ನನಗಿರುವ ತಕರಾರು ಇದೇ: ಬುದ್ಧನಿಗೂ ಕ್ರಿಸ್ತನಿಗೂ ಕಬೀರನಿಗೂ ಅದರಲ್ಲಿ ಒಂದೇ ದನಿ.

6. ಒಂದು ಗೆರೆಗೆ ಎರಡು ಕೆಲಸ

ಅಕ್ಕಮಹಾದೇವಿಯನ್ನು ಬರೆಯುವಾಗ ದೇಹದ ಗೆರೆ ಹಾಕಿ ಆಮೇಲೆ ಕೂದಲು ಮುಚ್ಚುವುದು ಬೇಡ. ಕೂದಲಿನಿಂದಲೇ ಬರೆಯಿರಿ. ಬೈತಲೆಯಿಂದ ಹೊರಟ ಗೆರೆ ಹೆಗಲು ದಾಟಿ, ಮೊಣಕಾಲು ದಾಟಿ ನೆಲಕ್ಕೆ ಹರಿಯಲಿ. ಅಕ್ಕನಿಗೆ ಅದು ಕೂದಲೂ ಹೌದು, ಉಡುಗೆಯೂ ಹೌದು. ಕೆಳಗೆ ಅದು ಕದಳಿಯ ದಾರಿಯಂತೆ ಬಳುಕಿ ಹೋದರೂ ನಡೆಯುತ್ತದೆ.

ಶಿಶುನಾಳ ಶರೀಫರ ವಿಷಯದಲ್ಲಿ ಈ ಉಪಾಯ ನನಗೆ ಇನ್ನೂ ಪ್ರಿಯ. ಕಳಸದ ಗೋವಿಂದಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರೆಂಬ ಕಥೆ ಉತ್ತರ ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಗುರುವಿನ ಹೆಗಲಿನ ದಾರವನ್ನು ಬರೆಯುತ್ತ ಬಂದು, ಕೈ ಎತ್ತದೆ, ಅದರಲ್ಲೇ ಶರೀಫರ ಹೆಗಲು, ಎದೆ, ಮಡಿಲ ತಂಬೂರಿಯ ತಂತಿಯವರೆಗೆ ಮುಗಿಸಬಹುದು. ಮಸೀದಿ, ಗುಡಿ ಎರಡನ್ನೂ ಹಿಂದೆ ನಿಲ್ಲಿಸಿ ಸೌಹಾರ್ದ ಎಂದು ಸಾರುವ ಅಗತ್ಯವಿರುವುದಿಲ್ಲ. ಆ ದಾರ ಎಲ್ಲಿ ಮುಗಿದು ತಂತಿ ಎಲ್ಲಿ ಶುರುವಾಯಿತು ಎಂದು ನೋಡುವವರು ಹುಡುಕುತ್ತಾರಲ್ಲ, ನನಗೆ ಬೇಕಾದದ್ದು ಆ ಹುಡುಕಾಟ.

7. ತಿದ್ದಬೇಡಿ, ಹೊಸ ಹಾಳೆ ತೆಗೆಯಿರಿ

ಬಿಳಿ ಬಣ್ಣ ಹಚ್ಚಿ ಸರಿಪಡಿಸಿದ ಗೆರೆ ಅಚ್ಚಿನಲ್ಲಿ ಕಾಣದಿರಬಹುದು, ಆದರೆ ಎಳೆತದ ಓಟ ಅಲ್ಲಿ ಮುಗ್ಗರಿಸಿರುತ್ತದೆ. ಹಾಳೆ ಅಗ್ಗದ್ದೇ ಇಟ್ಟುಕೊಳ್ಳಿ, ಕೈ ಹೆದರುವುದಿಲ್ಲ.

8. ಅಚ್ಚಿನ ಅಳತೆಯಲ್ಲಿ ಯೋಚಿಸಿ

ಚಿತ್ರ ಕುಗ್ಗಿಸಿದಾಗ ಕ್ರೋಕ್ವಿಲ್ ನಿಬ್ಬಿನ ಸಣ್ಣ ಗೆರೆ ತುಂಡಾಗುತ್ತದೆ, ಹತ್ತಿರದ ಎರಡು ಗೆರೆ ಕೂಡಿಕೊಳ್ಳುತ್ತವೆ. ನೀವು ಬೇಕೆಂದೇ ಬಿಟ್ಟ ಸಂದು ಮುಚ್ಚಿಹೋದರೆ ಅರ್ಥವೂ ಮುಚ್ಚಿತು. ಸಂದು ಬಿಡುವುದಾದರೆ ಧಾರಾಳವಾಗಿ ಬಿಡಿ.

9. ಅರ್ಥ ಬರೆದು ಅಂಟಿಸಬೇಡಿ

ಜಪಾನಿನ ಝೆನ್ ಸಾಧು ಸೆಂಗೈ (1750–1837) ತನ್ನ ಚಿತ್ರಗಳ ಮೇಲೆ ಏನಾದರೂ ಬರೆಯುವವನೇ. ಆದರೆ ವೃತ್ತ, ತ್ರಿಕೋನ, ಚೌಕ ಮೂರನ್ನು ಒಂದಕ್ಕೊಂದು ತಾಗಿಸಿ ಬರೆದ ಪ್ರಸಿದ್ಧ ಚಿತ್ರದಲ್ಲಿ ವಿವರಣೆಯ ಒಂದು ಸಾಲೂ ಇಲ್ಲ, ಸಹಿ ಮಾತ್ರ. ವಿದ್ವಾಂಸರು ಅದಕ್ಕೆ ಇಂದಿಗೂ ಬಗೆಬಗೆಯ ಅರ್ಥ ಹೇಳುತ್ತಿದ್ದಾರೆ, ಚಿತ್ರ ಅವೆಲ್ಲಕ್ಕೂ ಜಾಗ ಕೊಡುತ್ತಿದೆ. ಹೊಸಬರು ಚಿತ್ರದ ಕೆಳಗೆ ‘ಆತ್ಮಾನ್ವೇಷಣೆ’, ‘ಮೌನದ ಮಾತು’ ಎಂದು ಬರೆದು ತಂದಾಗ ಆ ಪಟ್ಟಿಯನ್ನು ಬೆರಳಿನಿಂದ ಮುಚ್ಚಿ ನೋಡಲು ಹೇಳುತ್ತೇನೆ. ಮುಚ್ಚಿದಾಗ ಚಿತ್ರ ಸಪ್ಪೆಯಾದರೆ ಕೊರತೆ ಗೆರೆಯಲ್ಲಿದೆ, ಅದನ್ನೇ ಮತ್ತೆ ಬರೆಯಬೇಕು. ಓದುಗರು ಫೋನು ಮಾಡಿ ಅರ್ಥ ಕೇಳಿದರೆ ನಾನು ಬರೆದದ್ದೇನು ಎಂದಷ್ಟೇ ಹೇಳುತ್ತೇನೆ: ಇದು ಮದ್ದಳೆ, ಇದು ಅದರ ಬಾರು, ನಿಮಗೇನು ಕಂಡಿತು ಹೇಳಿ. ಆಮೇಲೆ ಅವರು ಮಾತಾಡುತ್ತಾರೆ, ನಾನು ಕೇಳುತ್ತೇನೆ.